ಲೇಡೀಸ್ ರೂಮಿನಲ್ಲಿ ಕಟ್ಟಿದ ಸೀರೆ

ಶನಿವಾರ ಮಧ್ಯಾಹ್ನ ರೇಶನ್ ಗೋಧಿ ಆರಿಸುತ್ತಾ ಕೂತಿದ್ದೆ. ಕಲ್ಲು, ಕಡ್ಡಿ, ಮಣ್ಣಿನ ಹೆಂಟೆ ತೆಗೆದು ಸಂಜೆಯೊಳಗೆ ಗಿರಣಿಗೆ ಕೊಡಬೇಕಿತ್ತು. ಅಷ್ಟರಲ್ಲಿ ಕೆಳಗಿನ ಮನೆಯ ಸುಜಾತಾ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದಳು.

“ದೊಡ್ಡಮ್ಮಾ, ಆಯ್ತು! ನಿಮ್ಮ ಜಾಗ ನನಗೇ ಸಿಕ್ಕಿತು. ಸೋಮವಾರದಿಂದ ಬರ್ಲಿಕ್ಕೆ ಹೇಳಿದ್ದಾರೆ.”

ಫೋರ್ಟಿನ ಒಂದು ದೊಡ್ಡ ಆಫೀಸಿನ ಮೂರನೆಯ ಮಾಳಿಗೆಯಲ್ಲಿ ಹೆಂಗಸರ ಕೋಣೆ ಒಂದಿದೆ. ಹನ್ನೊಂದು ವರ್ಷ ನಾನು ಅಲ್ಲಿ ಬಾಯಿಯಾಗಿದ್ದೆ. ಬಾಯಿ ಎಂದರೆ ಗುಡಿಸುವವಳು, ಒರೆಸುವವಳು, ಸೋಪು ಟವೆಲು ಇಡುವವಳು. ನಾನು ಬಿಟ್ಟ ಮೇಲೆ ಆರು ತಿಂಗಳು ಆ ಜಾಗ ಖಾಲಿಯಿತ್ತು. ನಮ್ಮ ಆಂಟಾಪ್ ಹಿಲ್ಲಿನ ಹುಡುಗಿಗೇ ಸಿಕ್ಕಿತಲ್ಲ ಎಂದು ದೇವರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

“ಇನ್ನೊಂದು ವಿಷಯ ಉಂಟು ದೊಡ್ಡಮ್ಮ. ಟಪಾಲು ಸೆಕ್ಷನ್ನಿನ ಶಾಲಿನಿ ಅಂತ ಒಬ್ಬಳು ಮೆಟ್ಟಿಲಲ್ಲಿ ನನ್ನನ್ನು ಹಿಡ್ಕೊಂಡ್ಳು. ಮೂರು ತಿಂಗಳ ಮಗು ಅವಳಿಗೆ. ಮಧ್ಯಾಹ್ನ ಅವಳ ಅಮ್ಮ ಮಗುವನ್ನು ತರ್ತಾರಂತೆ, ಹಾಲು ಕುಡಿಸ್ಲಿಕ್ಕೆ. ಒಳಗೆ ಬಿಡ್ತೀಯಾ ಅಂತ ಕೇಳಿದ್ಳು. ಎಂತ ಮಾಡುದು? ಅಲ್ಲಿ ಬೋರ್ಡು ಬೇರೆ ಉಂಟು, ಮಕ್ಕಳನ್ನು ತರಬಾರದು ಅಂತ. ಆ ಕೋಣೆಯ ಉಸ್ತುವಾರಿ ಈಗ ವಸಂತಿ ಮೇಡಮ್ಮಿನದ್ದಂತೆ.”

ವಸಂತಿಯ ಹೆಸರು ಕೇಳಿ ನನ್ನ ಕೈ ಗೋಧಿಯಲ್ಲೇ ನಿಂತಿತು. ಯಾಕೆ ನಿಂತಿತೆಂದು ಆ ದಿನ ಸುಜಾತಳಿಗೆ ಹೇಳಲಿಲ್ಲ. “ನಾಳೆ ಹೇಳ್ತೇನೆ ಮಾರಾಯ್ತಿ, ಮೊದಲು ಹೋಗಿ ನಿನ್ನ ಅತ್ತೆಗೆ ಹೇಳು” ಎಂದು ಕಳಿಸಿದೆ. ಆ ದಿನ ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಕೆಲಸಕ್ಕೆ ಇನ್ನೂ ಹಲವರು ಸೇರುತ್ತಾರೆ, ಅವರಿಗಾದರೂ ಬೇಕಾದೀತು.

ನಲವತ್ತೇಳು ವರ್ಷದವರೆಗೆ ನಾನು ಮನೆ ಬಿಟ್ಟು ದುಡಿದವಳಲ್ಲ. ಇವರು ಫೋರ್ಟಿನಲ್ಲಿ ಒಂದು ಉಡುಪಿ ಹೋಟೆಲಿನ ಅಡುಗೆಯವರು. ಹೊಗೆ ಕುಡಿದು ಕುಡಿದು ಉಬ್ಬಸ ಹಿಡಿಯಿತು. ದಿನಾ ಊಟಕ್ಕೆ ಬರುತ್ತಿದ್ದ ಗುಮಾಸ್ತರೊಬ್ಬರು ಇವರ ಮುಖ ನೋಡಿ ನನಗೆ ಕೆಲಸ ಕೊಡಿಸಿದರು. ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ಬೆಳಿಗ್ಗೆ ಎದ್ದು ದೇವರಿಗೆ ದೀಪ ಹಚ್ಚಿ, ಇಬ್ಬರಿಗೂ ಅನ್ನ ಸಾರು ಮಾಡಿಟ್ಟು, ವಡಾಲಾದಲ್ಲಿ ಲೋಕಲ್ ಹಿಡಿಯುತ್ತಿದ್ದೆ. ಕೂರಲು ಜಾಗ ಸಿಕ್ಕಿದ ದಿನ ‘ಕೃಷ್ಣಾ, ಇದು ನಿನ್ನ ದಯೆ’ ಎನ್ನುತ್ತಿದ್ದೆ. ಸಿಗದ ದಿನ, ಬಾಗಿಲಿನಿಂದ ಹೊರಗೆ ಬೀಳಲಿಲ್ಲವಲ್ಲ, ಅದೇ ದಯೆ.

ಕೆಲಸ ಹೇಳಿಕೊಟ್ಟವರು ಫಿನಾಯಿಲು ಎಷ್ಟು ಹಾಕಬೇಕು, ಬೀಗದ ಕೈ ಎಲ್ಲಿಡಬೇಕು ಎಂದಷ್ಟೇ ಹೇಳಿದರು. ಹಾಲಿನ ವಿಷಯ ಯಾರೂ ಹೇಳಲಿಲ್ಲ. ಹೆರಿಗೆ ರಜೆ ಮುಗಿಸಿ ಬಂದ ಹುಡುಗಿಯರು ಹನ್ನೊಂದೂವರೆ ಹೊತ್ತಿಗೆ ಫೈಲನ್ನು ಎದೆಗೆ ಒತ್ತಿಕೊಂಡು ಓಡಿ ಬರುತ್ತಿದ್ದರು. ಫೈಲು ತೆಗೆದರೆ ರವಿಕೆ ಒದ್ದೆ. ನಲ್ಲಿ ಬಿಟ್ಟುಕೊಂಡು, ಸದ್ದು ಹೊರಗೆ ಕೇಳದ ಹಾಗೆ, ಬೇಸಿನ್ನಿಗೆ ಹಾಲು ಹಿಂಡುತ್ತಿದ್ದರು. ಮೊದಲ ಸಲ ಅದನ್ನು ಕಂಡಾಗ ನನ್ನ ಕೈಯ ಪೊರಕೆ ಬಿತ್ತು. ಕೂಸು ಕುರ್ಲಾದಲ್ಲೋ ಘಾಟ್ಕೋಪರಿನಲ್ಲೋ ಹಸಿದು ಅಳುತ್ತಿರುತ್ತದೆ, ಅದರ ಪಾಲಿನದು ಫೋರ್ಟಿನ ಗಟಾರಕ್ಕೆ ಹೋಗುತ್ತದೆ. ಆಮೇಲೆ ಬೇಸಿನ್ನು ತೊಳೆಯುವವಳು ನಾನು. ಹನ್ನೊಂದು ವರ್ಷ ತೊಳೆದರೂ ಅದೊಂದು ಅಭ್ಯಾಸವಾಗಲಿಲ್ಲ.

ಕೆಲವರು ಕರವಸ್ತ್ರ ಮಡಿಸಿ ರವಿಕೆಯೊಳಗೆ ಇಟ್ಟುಕೊಳ್ಳುತ್ತಿದ್ದರು. ಸಂಜೆಗೆ ಅದು ಹುಳಿ ವಾಸನೆ. “ಬಾಯಿ, ಈ ಕೋಣೆಯಲ್ಲಿ ಮೊಸರು ಒಡೆದ ಹಾಗೆ ನಾತ, ಫಿನಾಯಿಲು ಜಾಸ್ತಿ ಹಾಕಿ” ಎಂದು ಬೈದದ್ದು ಗಂಡಸರಲ್ಲ. ಎರಡು ಹೆತ್ತ ಒಬ್ಬ ಹೆಡ್ ಕ್ಲಾರ್ಕ್ ಹೆಂಗಸು.

ಆ ಕಾಲದಲ್ಲಿ ನಾನೂ ಕಡಿಮೆಯವಳಾಗಿರಲಿಲ್ಲ. ಕೆಲಸಕ್ಕೆ ಸೇರಿದ ಮರುವರ್ಷ ಆಫೀಸಿನ ಮುಂದೆ ಪೈಪಿಗಾಗಿ ರಸ್ತೆ ಅಗೆಯುತ್ತಿದ್ದರು. ಅಗೆಯುವವರೆಲ್ಲ ವಿಜಾಪುರ, ಗುಲ್ಬರ್ಗಾ ಕಡೆಯವರು. ಅವರಲ್ಲಿ ಒಬ್ಬಳು ನಮ್ಮ ಮೆಟ್ಟಿಲ ಮೇಲೇ ಕೂತು, ಸೆರಗಿನ ಪರಿವೆಯಿಲ್ಲದೆ ಕೂಸಿಗೆ ಕುಡಿಸುತ್ತಿದ್ದಳು. ನನಗೋ ಹೊಸ ಕೆಲಸದ ಜಂಬ. “ಏನಮ್ಮಾ, ಸೆರಗು ಹೊದ್ದುಕೊಳ್ಳಬಾರದಾ? ಗಂಡಸರು ಓಡಾಡುವ ಜಾಗ” ಎಂದೆ.

ಅವಳು ತಲೆಯನ್ನೂ ಎತ್ತಲಿಲ್ಲ. “ಓಡ್ಯಾಡ್ಲಿ ಬಿಡ್ರೆವ್ವಾ. ಅವ್ರೇನ್ ಚಾ ಕುಡದ ದೊಡ್ಡವ್ರಾಗ್ಯಾರೇನು?”

ಗೇಟಿನ ವಾಚ್‌ಮನ್ನನಿಗೆ ಕನ್ನಡ ಬಾರದು, ಆದರೂ ನನ್ನ ಮುಖ ನೋಡಿ ನಕ್ಕ. ನಾನು ಮೆಟ್ಟಿಲು ಹತ್ತಿ ಬಂದೆ. ಆಮೇಲೆ ಕಿಟಕಿಯಿಂದ ನೋಡಿದರೆ ನಿಜವಾಗಿ ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. ಅದು ಮರ್ಯಾದೆಯಲ್ಲ. ಮಣ್ಣು ಹೊರುವವಳು ಅವರ ಲೆಕ್ಕಕ್ಕೆ ಹೆಂಗಸೇ ಅಲ್ಲ. ಇಸ್ತ್ರಿ ಸೀರೆ ಉಟ್ಟವಳು ಅದೇ ಬೀದಿಯಲ್ಲಿ ಕೂತರೆ ಏನಾಗುತ್ತದೆಂದು ಮುಂದೆ ಕಂಡೆ.

ವಸಂತಿ ಟೈಪಿಸ್ಟು, ಧಾರವಾಡದ ಕಡೆಯವಳು. ನಮ್ಮ ಬಿಲ್ಡಿಂಗಿನಿಂದ ನಾಲ್ಕು ಬಿಲ್ಡಿಂಗು ಆಚೆ ಮನೆ. ಮಿಲ್ಲಿನಲ್ಲಿದ್ದ ಗಂಡನ ಕೆಲಸ ಹೋಗಿ ಮನೆಯೆಲ್ಲ ಅವಳ ಬೆರಳ ಮೇಲೆ ನಿಂತಿತ್ತು. ಕೆಲಸ ಬಿಡುವ ಹಾಗಿಲ್ಲ. ಎರಡೂವರೆ ತಿಂಗಳ ಗಂಡು ಕೂಸು, ಪ್ರಕಾಶ. ಅವನು ಬಾಟ್ಲಿ ಬಾಯಿಗಿಟ್ಟರೆ ಉಗುಳುತ್ತಿದ್ದ. ಆಗ ಅವಳ ಅತ್ತೆ ತುಂಗವ್ವ ಒಂದು ಉಪಾಯ ಮಾಡಿದಳು. ಆಕೆಗೆ ಓದು ಬರಹ ಬಾರದು, ಹಿಂದಿ ಬಾರದು. ಆದರೂ ದಿನಾ ಮಧ್ಯಾಹ್ನ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು, ವಡಾಲಾದಲ್ಲಿ ಲೋಕಲ್ ಹತ್ತಿ, ವಿ.ಟಿ. ಸ್ಟೇಷನ್ನಿನಲ್ಲಿ ಇಳಿದು, ಆಫೀಸುಗಳಿಗೆ ಊಟದ ಡಬ್ಬಾ ಹೊರುವವರ ಹಿಂದೆ ಹಿಂದೆಯೇ ನಡೆದು ನಮ್ಮ ಆಫೀಸಿಗೆ ಬರುತ್ತಿದ್ದಳು. ದಾರಿ ತಪ್ಪದಿರಲೆಂದು ಒಬ್ಬ ಡಬ್ಬಾವಾಲಾನ ಟೋಪಿ ಗುರುತು ಇಟ್ಟುಕೊಂಡಿದ್ದಳು.

“ವಸಂತಿ, ನಿನ್ನ ಡಬ್ಬಾ ಬಂತು ನೋಡು” ಎಂದು ಹುಡುಗಿಯರು ರೇಗಿಸುತ್ತಿದ್ದರು.

“ನಂದೆಲ್ಲಿ ಡಬ್ಬಾ? ಉಣ್ಣಾಂವ ರೈಲಿನ್ಯಾಗ ಬಂದಾನ. ಊಟ ಮುಂಜಾನಿಂದ ಇಲ್ಲೇ ಕುಂತದ” ಎನ್ನುತ್ತಿದ್ದಳು ಅವಳು. ಎಲ್ಲರೂ ನಗುತ್ತಿದ್ದೆವು.

ಬಾಗಿಲ ಹಿಂದಿನ ಮೂಲೆಯಲ್ಲಿ ನನ್ನ ಚಾಪೆ ಹಾಸಿಕೊಡುತ್ತಿದ್ದೆ. ಗೋಡೆಗೆ ಮುಖ ಮಾಡಿ, ಸೆರಗು ಹೊದ್ದು, ನಮ್ಮೂರ ಹೆಂಗಸರು ಕೂರುವ ಹಾಗೆ ಕೂತು ಕುಡಿಸುತ್ತಿದ್ದಳು. ಇಪ್ಪತ್ತು ನಿಮಿಷ. ಮಗು ಕುಡಿದು ಕುಡಿದು ಅಲ್ಲೇ ನಿದ್ದೆ ಹೋಗುತ್ತಿತ್ತು. ತುಂಗವ್ವ ನನ್ನ ತಂಬಿಗೆಯಿಂದ ನೀರು ಕುಡಿದು, “ನಿಮ್ಮ ಹೊಟ್ಟಿ ತಣ್ಣಗಿರ್ಲಿ ಯವ್ವಾ” ಎಂದು ಹರಸಿ ಹೊರಡುತ್ತಿದ್ದಳು. ಮೂರು ವಾರ ಹೀಗೇ ನಡೆಯಿತು. ಆಫೀಸಿನ ಗಂಡಸರಿಗೂ ಗೊತ್ತಿತ್ತು, ಆದರೆ ಗೊತ್ತಿಲ್ಲದ ಹಾಗೆ ಇದ್ದರು. ಹಾಗೇ ಬಿಟ್ಟಿದ್ದರೆ ಆಗುತ್ತಿತ್ತು.

ಆ ಕೋಣೆಯಲ್ಲೇ ಊಟ ಮಾಡುತ್ತಿದ್ದ ಒಬ್ಬ ಹಿರಿಯ ಸ್ಟೆನೋ ಹೆಂಗಸು ಒಂದು ದಿನ ಡಬ್ಬಿ ಮುಚ್ಚಿ ಎದ್ದು ಹೋದರು. “ಇದು ಆಫೀಸೋ ಹೆರಿಗೆ ಆಸ್ಪತ್ರೆಯೋ?” ಎಂದರು. ನನಗೂ ಒಳಗೊಳಗೆ ಅನಿಸಿತು, ಊಟ ಮಾಡುವವರ ಎದುರಿಗೆ ಬೇಡ, ಸ್ವಲ್ಪ ಮರೆ ಬೇಕು. ಮರುದಿನ ನನ್ನದೊಂದು ಹಳೆಯ ಹತ್ತಿ ಸೀರೆ ತಂದೆ. ಹಸಿರು ಅಂಚಿನದು. ಕಿಟಕಿಯ ಸರಳಿನಿಂದ ಕಪಾಟಿನ ಹಿಡಿಗೆ ಹುರಿ ಬಿಗಿದು, ಸೀರೆಯನ್ನು ಅದರ ಮೇಲೆ ಇಳಿಬಿಟ್ಟೆ. ನೋಡಲು ಎಷ್ಟು ಚಂದವಾಯಿತೆಂದರೆ, ಎರಡು ಹೆಜ್ಜೆ ಹಿಂದೆ ನಿಂತು ದೇವರ ಮಂಟಪ ನೋಡಿದ ಹಾಗೆ ನೋಡಿದೆ.

ನನ್ನ ತಪ್ಪು ಅದೇ. ಪರದೆ ಇಲ್ಲದಾಗ ಅಲ್ಲಿ ಇದ್ದದ್ದು ಗೋಡೆಗೆ ಮುಖ ಮಾಡಿ ಕೂತ ಒಬ್ಬ ಹೆಂಗಸು ಮಾತ್ರ. ಪರದೆ ಕಟ್ಟಿದ ಮೇಲೆ, ಅದರ ಹಿಂದೆ ಏನಿದೆ ಎಂದು ಎಲ್ಲರೂ ಕೇಳುವಂತಾಯಿತು. ಬಲ್ಬು ಹಾಕಲು ಬಂದ ಪ್ಯೂನ್ ನೋಡಿದ. ಮೂರನೆಯ ಮಾಳಿಗೆಯಲ್ಲಿ ಬಾಣಂತಿ ಕೋಣೆ ತೆರೆದಿದ್ದಾರಂತೆ ಎಂದು ಕೆಳಗೆ ಮಾತಾಯಿತು. ಎರಡನೆಯ ದಿನ ಸೂಪರಿಂಟೆಂಡೆಂಟ್ ಸಾಹೇಬರು ಬಾಗಿಲು ತಟ್ಟಿ ಹೊಸ್ತಿಲಲ್ಲೇ ನಿಂತರು. ಒಳಗೆ ಕಾಲಿಡಲಿಲ್ಲ, ಅಷ್ಟು ಸಭ್ಯರು.

“ಬಾಯೀ, ಹೇ ಕಾಯ್ ಆಹೇ? ಕುಣಾಚೀ ಸಾಡಿ?”

ಇದೇನು, ಯಾರ ಸೀರೆ ಎಂದು ಕೇಳಿದರು. ಅಷ್ಟೇ. ಗದರಲೂ ಇಲ್ಲ. ಪರದೆಯ ಹಿಂದೆ ವಸಂತಿ ಕುಡಿಸುತ್ತಿದ್ದಳು. ತುಂಗವ್ವ ಮೂಲೆಯಲ್ಲಿ ನಿಂತಿದ್ದಳು. ನನಗೆ ಮನೆಯಲ್ಲಿ ಉಬ್ಬಸದವರು ಕಂಡರು, ತಿಂಗಳ ಸಂಬಳ ಕಂಡಿತು.

“ಗೊತ್ತಿಲ್ಲ ಸಾಹೇಬ್. ನನ್ನದಲ್ಲ. ಯಾರೋ ಕಟ್ಟಿದ್ದಾರೆ” ಎಂದೆ.

ಬೆಳಿಗ್ಗೆ ದೇವರ ನಾಮ ಹೇಳಿದ ನಾಲಿಗೆಯೇ ಅದು.

ಸೀರೆ ಸರಿಸಿ ವಸಂತಿ ಹೊರಗೆ ಬಂದಳು. ಅರ್ಧ ಹೊಟ್ಟೆಗೆ ಬಿಡಿಸಿದ ಮಗು ಕಿರುಚುತ್ತಿತ್ತು. ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದರಲ್ಲಿ ಸೆರಗು ಎಳೆದುಕೊಂಡಳು. ಸಾಹೇಬರನ್ನು ಅವಳು ನೋಡಲಿಲ್ಲ, ನನ್ನನ್ನು ನೋಡಿದಳು. ನಾನು ಫಿನಾಯಿಲಿನ ಬಕೆಟು ನೋಡಿದೆ. ಆ ಸೀರೆ ಉಟ್ಟುಕೊಂಡೇ ನಾನು ಎಷ್ಟೋ ದಿನ ಅವಳ ಜೊತೆ ಲೋಕಲ್‌ನಲ್ಲಿ ಬಂದಿದ್ದೆ.

ಹೊರಗಿನವರನ್ನು ಆಫೀಸಿನೊಳಗೆ ತಂದದ್ದಕ್ಕೆ, ಕೋಣೆಯನ್ನು ಅನುಮತಿಯಿಲ್ಲದೆ ಬಳಸಿದ್ದಕ್ಕೆ ವಸಂತಿಗೆ ಮೆಮೊ ಬಂತು. ಗೋಡೆಗೆ ಬೋರ್ಡು ಬಂತು. ನನಗೆ ಏನೂ ಬರಲಿಲ್ಲ. ಅದನ್ನೂ ಆ ದಿನ ದೇವರ ದಯೆಯೆಂದು ಎಣಿಸಿದೆ. ಈಗ ಆ ಎಣಿಕೆಯಿಂದ ಅದನ್ನು ತೆಗೆದುಹಾಕಿದ್ದೇನೆ.

ಮರುದಿನ ವಾಚ್‌ಮನ್ ತುಂಗವ್ವನನ್ನು ಗೇಟಿನಲ್ಲೇ ತಡೆದ. ವಸಂತಿ ಕೆಳಗಿಳಿದು, ಎದುರಿನ ಫುಟ್‌ಪಾತಿನ ಕಮಾನಿನ ಕೆಳಗೆ ಕಂಬಕ್ಕೆ ಮುಖ ಮಾಡಿ ಕೂತು ಕುಡಿಸಿದಳು. ಮಣ್ಣು ಹೊರುವವಳನ್ನು ಕಾಣದ ಕಣ್ಣುಗಳಿಗೆಲ್ಲ ಇವಳು ಕಂಡಳು. ಸಿಗರೇಟು ಹಚ್ಚುವ ನೆಪದಲ್ಲಿ ಒಬ್ಬ ನಿಂತ, ಅವನನ್ನು ನೋಡಿ ಇನ್ನೊಬ್ಬ. “ಅರೆ, ಮೇಡಂ ಲೋಗ್ ಭೀ ಅಬ್ ರಸ್ತೇ ಪರ್!” ಮೇಡಮ್ಮುಗಳೂ ಈಗ ಬೀದಿಗೆ ಬಂದರು ಎಂದು ಯಾರೋ ನಕ್ಕರು. ತುಂಗವ್ವ ತನ್ನ ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಸೊಸೆಗೆ ಅಡ್ಡ ನಿಂತಳು. ಆ ಮುದುಕಿ ಬಿಸಿಲಿಗೆ ಬೆನ್ನು ಕೊಟ್ಟು ಹಾಗೆ ನಿಂತದ್ದನ್ನು ನಾನು ಮೇಲಿನ ಕಿಟಕಿಯಿಂದ ನೋಡಿದೆ. ಕೆಳಗೆ ಇಳಿಯಲಿಲ್ಲ.

ಆಮೇಲೆ, ವಸಂತಿ ಅಲ್ಲಿ ಕೂತು ಕುಡಿಸಬಹುದೇ ಎಂದು ಇವರ ಹಳೆಯ ಹೋಟೆಲಿನಲ್ಲಿ ಇವರಿಂದಲೇ ಕೇಳಿಸಿದೆ. ಅಲ್ಲಿ ಹೆಂಗಸರು ಮಕ್ಕಳು ಕೂರಲೆಂದು ಫ್ಯಾಮಿಲಿ ರೂಮು ಇತ್ತು, ಅದಕ್ಕೂ ಒಂದು ಪರದೆ. ಮ್ಯಾನೇಜರ್ ನಮ್ಮ ಕಡೆಯವರೇ. ಒಪ್ಪಿದರು. ಹತ್ತು ದಿನ ಕಳೆಯುವಷ್ಟರಲ್ಲಿ ಅವರೂ ಕೈ ಚೆಲ್ಲಿದರು. “ಅಕ್ಕಾ, ಬೇಜಾರು ಮಾಡ್ಬೇಡಿ. ಊಟದ ರಶ್ಶಿನಲ್ಲಿ ಗಿರಾಕಿಗಳು ಹೊರಗೆ ನಿಲ್ತಾರೆ. ಒಳಗಿಂದ ಮಗುವಿನ ಸದ್ದು ಬಂದ್ರೆ ಒಬ್ಬೊಬ್ಬರು ಒಂದೊಂದು ಮಾತು ಹೇಳ್ತಾರೆ” ಎಂದು ವಸಂತಿಗೆ ಹೇಳಿದರಂತೆ. ಅವಳು ಅವರೊಡನೆ ಜಗಳವಾಡಲಿಲ್ಲ. ಸಂಜೆ ಮನೆಗೆ ಹೋಗುವಾಗ ಪುಡಿ ಹಾಲಿನ ಡಬ್ಬಿ ಕೊಂಡು ಹೋದಳು.

ಹಸಿವು ತಡೆಯಲಾರದೆ ಮಗು ಬಾಟ್ಲಿಗೆ ಬಾಯಿ ಕೊಟ್ಟಿತು. ಡಬ್ಬಿಯ ಮೇಲಿನ ಅಕ್ಷರ ಇಂಗ್ಲಿಷಿನದು. ತುಂಗವ್ವ ಕೈಯಂದಾಜಿನಲ್ಲಿ ಪುಡಿ ಹಾಕಿ, ಕೊಡದಲ್ಲಿದ್ದ ಕುದಿಸದ ನೀರಿನಲ್ಲಿ ಕಲಸಿ, ಬಾಟ್ಲಿಯ ರಬ್ಬರನ್ನು ಸೆರಗಿನಲ್ಲಿ ಒರೆಸಿ ಕುಡಿಸಿದಳು. ತನ್ನ ಮಕ್ಕಳನ್ನು ಸಾಕಿದಾಗ ಅವಳ ಕೈಯಲ್ಲಿ ಬಾಟ್ಲಿ ಇರಲಿಲ್ಲ, ಅವಳಿಗೆ ಹೇಗೆ ತಿಳಿಯಬೇಕು? ಹದಿನೈದು ದಿನದಲ್ಲಿ ಮಗುವಿಗೆ ಭೇದಿ ಹಿಡಿಯಿತು. ಕಣ್ಣು ಗುಳಿ ಬಿದ್ದು, ಅಳುವುದಕ್ಕೂ ತ್ರಾಣವಿಲ್ಲದೆ, ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿತ್ತು.

ಮಗು ಉಳಿಯಿತು. ಇದೊಂದು ದಯೆಯನ್ನು ಎಷ್ಟು ಸಲ ಎಣಿಸಿದರೂ ಸಾಲದು. ಆದರೆ ಅಷ್ಟರಲ್ಲಿ ವಸಂತಿಯ ಹಾಲು ಬತ್ತಿತ್ತು. ಅತ್ತೆಯನ್ನು ಊರಿಗೆ ಕಳಿಸಿದಳು. ಕಳಿಸುವಾಗ ಆಡಬಾರದ ಮಾತು ಆಡಿದಳು ಎಂದು ಬಿಲ್ಡಿಂಗಿನವರೆಲ್ಲ ಕೇಳಿದ್ದಾರೆ. ಹೊರಡುವ ಬೆಳಿಗ್ಗೆ ತುಂಗವ್ವ ನಮ್ಮ ಮನೆಗೆ ಬಂದು ಬಾಗಿಲಲ್ಲೇ ಕೂತಳು.

“ನಾ ಏನ್ ತಪ್ಪ ಮಾಡಿದ್ನಿ ಯವ್ವಾ? ಕೂಸಿನ್ನ ಕೊಲ್ಲಾಕ ಬಂದಾಕಿ ಅಂದ್ಲು ನನಗ. ದಿನಾ ಹೊತ್ಕೊಂಡ್ ಬಂದಾಕಿ ನಾನಲ್ಲೇನು?”

“ನಿಮ್ಮ ತಪ್ಪಲ್ಲ ತಾಯಿ” ಎಂದೆ. ಯಾರ ತಪ್ಪು ಎಂದು ಹೇಳಲಿಲ್ಲ. ಕುಂಕುಮ ಹಚ್ಚಿ, ಒಂದು ತೆಂಗಿನಕಾಯಿ ಮಡಿಲಿಗೆ ಹಾಕಿ ಕಳಿಸಿದೆ. ಮರುವರ್ಷ ಅವಳು ಊರಲ್ಲೇ ತೀರಿಕೊಂಡಳು. ಮೊಮ್ಮಗನನ್ನು ಮತ್ತೆ ನೋಡಲಿಲ್ಲ.

ಅಲ್ಲಿಂದಾಚೆ ಏಳೆಂಟು ವರ್ಷ ವಸಂತಿ ಅದೇ ಕೋಣೆಗೆ ಬಂದಳು, ಹೋದಳು. “ಬಾಯಿ, ಸೋಪು ಮುಗದದ.” “ಬಾಯಿ, ನಲ್ಲಿ ಸೋರ್ತದ.” ಇಷ್ಟೇ ಮಾತು. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ.

ಕೆಲಸದ ರೀತಿ ಬದಲಾಯಿತು ಎನ್ನುತ್ತಾರೆ. ಹೌದು, ಪೊರಕೆ ಹೋಗಿ ಕೋಲಿನ ಒರಸುಬಟ್ಟೆ ಬಂತು, ನೀಲಿ ಟೈಲ್ಸ್ ಬಂತು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಬೇಸಿನ್ನಿಗೆ ಹಿಂಡುವವರೂ ಕಡಿಮೆಯಾದರು. ರಜೆ ಮುಗಿಯುವ ಮೊದಲೇ ಎದೆಗೆ ಬಟ್ಟೆ ಬಿಗಿದು ಹಾಲು ನಿಲ್ಲಿಸಿಕೊಂಡು ಬರುತ್ತಿದ್ದರು. ಕೋಣೆಯಲ್ಲಿ ನಾತವಿಲ್ಲವೆಂದು ಹೆಡ್ ಕ್ಲಾರ್ಕ್ ನನ್ನನ್ನು ಹೊಗಳಿದರು.

ಮಿತಿ ಬೇಡವೇ ಎಂದು ಕೇಳಿದರೆ, ಬೇಕು ಎನ್ನುವವಳೇ ನಾನು. ಊಟದ ಮೇಜಿನ ಮೇಲೆ ಬೇಡ. ಸೆರಗು ಇರಲಿ. ಮಗು ಕಕ್ಕಿದರೆ ತಾಯಿ ಒರೆಸಲಿ. ಕೆಲಸದ ಹೊತ್ತು ತಿನ್ನಬಾರದು. ಇಷ್ಟು ಪಾಲಿಸಿದವಳಿಗೆ ಮತ್ತೆ ಯಾವ ಬೋರ್ಡೂ ಬೇಡ. ವಸಂತಿ ಇಷ್ಟನ್ನೂ ಪಾಲಿಸಿದ್ದಳು.

ಸುಜಾತಾ ಬಂದು ಹೋದ ಮರುದಿನ, ಭಾನುವಾರ ಬೆಳಿಗ್ಗೆ, ಪೂಜೆ ಮುಗಿಸಿ ವಸಂತಿಯ ಮನೆಗೆ ಹೋದೆ. ಏಳೆಂಟು ವರ್ಷದಲ್ಲಿ ಮೊದಲ ಸಲ. ಅವಳು ಬಾಗಿಲು ತೆರೆದು, “ಬರ್ರಿ” ಎಂದಳು. ಕೂರಲು ಹೇಳಲಿಲ್ಲ. ನಿಂತೇ ಸುಜಾತಳ ವಿಷಯ, ಶಾಲಿನಿಯ ವಿಷಯ ಹೇಳಿದೆ. ಆ ಮಗುವನ್ನು ಒಳಗೆ ಬಿಡು ತಾಯಿ, ಎಂದೆ.

“ನನ್ನ ಕೂಸಿನ್ನ ಯಾರ್ ಬಿಟ್ರು?” ಎಂದಳು.

ಅವಳೇ ಮುಂದುವರಿಸಿದಳು. “ನೋಡ್ರಿ ಬಾಯಿ, ಆ ಬೋರ್ಡು ಕಂಡ್ರ ನನಗೂ ಮೈ ಉರೀತದ. ಆದ್ರ ನಾ ಒಬ್ಬಾಕಿನ ಮೆಮೊ ತಗೊಳಾಕಿ ಅಲ್ಲ ಇನ್ನ. ಸಾಹೇಬ್ರು ಕೇಳೇ ಕೇಳ್ತಾರ, ಯಾರು ಬಿಟ್ಟದ್ದು ಅಂತ. ನಿಮ್ಮ ಹುಡುಗಿ ‘ನಾ ಬಿಟ್ಟೆ’ ಅಂತ ಒಂದ್ ಮಾತ ಹೇಳ್ಲಿ. ಹೇಳಿದ್ಲಂದ್ರ ಅಕಿ ಮಗ್ಗಲಕ್ಕ ನಾ ನಿಂದರ್ತೀನಿ, ಬೋರ್ಡು ತಗಸ್ತೀನಿ. ಹೇಳಲಿಲ್ಲಂದ್ರ ಇಲ್ಲ.”

“ಹೇಳ್ತಾಳೆ” ಎಂದೆ.

“ನೋಡೂಣು” ಎಂದಳು.

ಮನೆಗೆ ಬಂದು ಸುಜಾತಳನ್ನು ಕರೆದೆ. “ಮಗು ಬಂದರೆ ಬಿಡು. ಪರದೆ ಗಿರದೆ ಕಟ್ಟಬೇಡ. ಯಾರಾದರೂ ಕೇಳಿದರೆ ‘ನಾನು ಬಿಟ್ಟೆ’ ಅಂತ ಹೇಳು, ವಸಂತಿ ನಿನ್ನ ಜೊತೆ ನಿಲ್ಲುತ್ತಾಳೆ” ಎಂದೆ.

“ಕೆಲಸ ಹೋದ್ರೆ ದೊಡ್ಡಮ್ಮ?”

“ಹೋಗುದಿಲ್ಲ ಮಾರಾಯ್ತಿ, ದೇವರಿದ್ದಾನೆ” ಎಂದೆ. ಸೀರೆಯ ಕಥೆ ಮಾತ್ರ ನಾಲಿಗೆ ತುದಿಗೆ ಬಂದು ಹಿಂದೆ ಹೋಯಿತು. ಚಿಕ್ಕವಳ ಎದುರು ನನ್ನ ಮಾನ ಹೋಗುತ್ತದಲ್ಲ ಎಂದು.

ಸೋಮವಾರ ಸಂಜೆ ಅವಳು ಬಂದಳು. ಈ ಸಲ ಚಪ್ಪಲಿ ಬಿಟ್ಟೇ ಬಂದಳು, ಗೋಡೆಗೆ ಒರಗಿ ನಿಂತಳು.

“ಬಿಟ್ಟೆ ದೊಡ್ಡಮ್ಮ. ಶಾಲಿನಿ ಮೂಲೆಯಲ್ಲಿ ಕೂತು ಕುಡಿಸ್ತಾ ಇದ್ಳು. ವಸಂತಿ ಮೇಡಂ ಒಬ್ಬರೇ ಬಂದಿದ್ರೆ ಹೇಳ್ತಿದ್ದೆ. ಹೊಸ ಸಾಹೇಬ್ರೂ ಒಟ್ಟಿಗೆ ಬಂದ್ರು. ಮಗು ಒಳಗೆ ಬಂದದ್ದು ಹೇಗೆ, ಯಾರು ಬಿಟ್ಟದ್ದು ಅಂತ ಕೇಳಿದ್ರು. ಮೇಡಂ ನನ್ನನ್ನೇ ನೋಡ್ತಾ ನಿಂತ್ರು. ತುಂಬಾ ಹೊತ್ತು ನೋಡಿದ್ರು ದೊಡ್ಡಮ್ಮ. ಗೊತ್ತಿಲ್ಲ ಸಾಹೇಬ್ರೆ, ನಾನು ನೀರು ತರ್ಲಿಕ್ಕೆ ಹೋಗಿದ್ದೆ, ಅಂದೆ.”

“ಆಮೇಲೆ?”

“ಮೇಡಂ ಸಾಹೇಬ್ರ ಹತ್ರ, ‘ಇವತ್ತು ಕುಡಿಸಿ ಮುಗಿಸ್ಲಿ, ನಾಳೆಯಿಂದ ಬರುದಿಲ್ಲ’ ಅಂದ್ರು. ಶಾಲಿನಿಯ ಅಮ್ಮ ಅಳ್ತಾ ಹೋದ್ರು. ಹೋಗುವಾಗ ಮೇಡಂ ನನ್ನ ಹತ್ರ ಬಂದು, ‘ನಿನ್ನ ದೊಡ್ಡಮ್ಮಗ ನನ್ನ ನಮಸ್ಕಾರ ಹೇಳು, ಚಂದ ಕಲಿಸ್ಯಾರ’ ಅಂದ್ರು. ಯಾಕೆ ಹಾಗೆ ಹೇಳಿದ್ದು ದೊಡ್ಡಮ್ಮ?”

ಆಗ ಹೇಳಿದೆ. ಸೀರೆ ಕಟ್ಟಿದ್ದು, ನನ್ನದಲ್ಲ ಎಂದದ್ದು, ತುಂಗವ್ವ ಬಿಸಿಲಲ್ಲಿ ನಿಂತದ್ದು, ಎಲ್ಲವನ್ನೂ. ಬೈಯುತ್ತಾಳೆಂದು ಕಾದೆ. ಕಣ್ಣು ಒರೆಸಿಕೊಂಡು ಇಷ್ಟೇ ಕೇಳಿದಳು:

“ಇದನ್ನು ನಿನ್ನೆ ಹೇಳ್ಬಾರ್ದಿತ್ತಾ ದೊಡ್ಡಮ್ಮ?”

ಅವಳು ಮೆಟ್ಟಿಲಿಳಿದು ಹೋದಳು. ಅಷ್ಟರಲ್ಲಿ ನಲ್ಲಿ ಬುಸುಗುಟ್ಟಿತು. ನಮ್ಮಲ್ಲಿ ನೀರು ಬಂದರೆ ಅರ್ಧ ಗಂಟೆ ಇರುತ್ತದೆ. ಎದ್ದು ಕೊಡ ತೊಳೆದು ನಲ್ಲಿಯ ಕೆಳಗೆ ಇಟ್ಟೆ.